ಟಿಟಿ ಗಾಡಿ ಮನೆಯಾದಾಗ: ದುಡಿಯುವ ಸಾಮಾನು, ದಂಡದ ಸಾಮಾನು

ಟೆಂಪೋ ಟ್ರಾವೆಲರ್ ಥರದ ಗಾಡಿಯನ್ನು ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗುವ ಗಾಡಿ) ಮಾಡಿಸಿಕೊಂಡವರು ಮೊದಲ ವರ್ಷ ಆನ್‌ಲೈನಿನಲ್ಲಿ ಸಿಕ್ಕಿದ್ದೆಲ್ಲ ತರಿಸುತ್ತಾರೆ. ಮಡಚುವ ವಾಷಿಂಗ್ ಮಷೀನು, ಯುಎಸ್‌ಬಿ ಕೂಲರು, ಸೊಳ್ಳೆ ಓಡಿಸುವ ಶಬ್ದಯಂತ್ರ. ಎರಡನೇ ವರ್ಷಕ್ಕೆ ಇವೆಲ್ಲ ಅಟ್ಟ ಸೇರಿರುತ್ತವೆ. ಗಾಡಿಯಲ್ಲೇ ಉಳಿಯುವ ಜಾತಿ ಬೇರೆ. ಅಳೆದು ಹೇಳುವ ಸಾಮಾನು ಉಳಿಯುತ್ತದೆ: ಬ್ಯಾಟರಿಯಲ್ಲಿ ಎಷ್ಟಿದೆ, ಟೈರಿನಲ್ಲಿ ಎಷ್ಟಿದೆ, ಗ್ಯಾಸ್ ಸೋರುತ್ತಿದೆಯೇ, ಈ ಹೋಂಸ್ಟೇ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ತಿಳಿಸುವಂಥದ್ದು. ಮನೆಯ ಸೌಕರ್ಯವನ್ನೇ ಗಾಡಿಗೆ ತಂದುಕೊಡುತ್ತೇನೆ ಎನ್ನುವ ಯಂತ್ರಗಳಲ್ಲಿ ಫ್ರಿಜ್ಜು, ಫ್ಯಾನು ಬಿಟ್ಟರೆ ಉಳಿದವುಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಬ್ಯಾಟರಿ ಮಾನಿಟರಿನಿಂದ ಶುರುಮಾಡೋಣ. ಡ್ಯಾಶ್‌ಬೋರ್ಡಿನ ಹತ್ತಿರ ಕೆಂಪು ಅಂಕಿಯ ವೋಲ್ಟ್ ಮೀಟರ್ ಕೂರಿಸಿ "ಇಷ್ಟು ಸಾಕು" ಎನ್ನುವವರು ಬಹಳ. ಟ್ಯೂಬುಲರ್ ಬ್ಯಾಟರಿ ಇದ್ದರೆ ಅದು ತಕ್ಕಮಟ್ಟಿಗೆ ಸಾಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಸಾಲದು. ಅದರ ವೋಲ್ಟೇಜು 70 ಪರ್ಸೆಂಟ್ ಇದ್ದಾಗಲೂ 40 ಪರ್ಸೆಂಟ್ ಇದ್ದಾಗಲೂ 13.1ರಿಂದ 13.3ರೊಳಗೇ ಆಡುತ್ತಿರುತ್ತದೆ, ಕೊನೆಯ ಹತ್ತು ಪರ್ಸೆಂಟಿಗೆ ಬಂದಾಗ ಒಮ್ಮೆಲೇ ಕುಸಿಯುತ್ತದೆ. ಒಳಗೆ ಹೋದ, ಹೊರಗೆ ಬಂದ ಆಂಪಿಯರುಗಳನ್ನು ಲೆಕ್ಕ ಇಡುವ ಶಂಟ್ ಬೇಕು. 500 ಆಂಪಿಯರಿನದು ಯಾವ ಕ್ಯಾಂಪರಿಗೂ ಸಾಕು. ಅದನ್ನು ಕೂರಿಸುವಾಗ ಆಗುವ ತಪ್ಪು ಹೆಚ್ಚಾಗಿ ಒಂದೇ: ಇನ್ವರ್ಟರಿನ ನೆಗೆಟಿವ್ ಶಂಟಿನ ಮೂಲಕ ಹೋಗುತ್ತದೆ, ಆಮೇಲೆ ಯಾರೋ ಸೋಲಾರ್ ಕಂಟ್ರೋಲರಿನ ನೆಗೆಟಿವನ್ನು ನೇರ ಬ್ಯಾಟರಿ ಟರ್ಮಿನಲ್ಲಿಗೇ ಬಿಗಿಯುತ್ತಾರೆ. ಆಗ ಬಿಸಿಲಿನಿಂದ ಬಂದದ್ದು ಲೆಕ್ಕಕ್ಕೇ ಬರುವುದಿಲ್ಲ, ಬ್ಯಾಟರಿ ತುಂಬಿದ್ದರೂ ಮೀಟರು ಖಾಲಿ ಎನ್ನುತ್ತದೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಒಂದೇ ಒಂದು ಕೇಬಲ್ ಇರಬೇಕು, ಅದು ಶಂಟಿಗೆ ಹೋಗುವ ಕೇಬಲ್. ಮಿಕ್ಕಿದ್ದೆಲ್ಲ ಶಂಟಿನ ಆಚೆ ಬದಿಗೆ.

ದಿನದ ಖರ್ಚು ಎಷ್ಟು? 40 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜು ಓಡುವಾಗ ಸುಮಾರು 45 ವ್ಯಾಟ್ ಎಳೆಯುತ್ತದೆ. ಬೇಸಿಗೆಯಲ್ಲಿ ಅರ್ಧ ಹೊತ್ತು ಓಡಿದರೆ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಮೇಲೆ. 25 ವ್ಯಾಟಿನ ಫ್ಯಾನು ಹತ್ತು ಗಂಟೆಗೆ ಕಾಲು ಯೂನಿಟ್. ಲೈಟು, ಮೊಬೈಲು, ಲ್ಯಾಪ್‌ಟಾಪು ಸೇರಿಸಿದರೆ ಒಟ್ಟು ಒಂದು ಯೂನಿಟ್. 12.8 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್ ಇರುತ್ತದೆ. ಮಾಡಿನ ಮೇಲೆ ಚಪ್ಪಟೆಯಾಗಿ ಮಲಗಿಸಿದ 200 ವ್ಯಾಟ್ ಪ್ಯಾನಲ್ಲು ಒಳ್ಳೇ ಬಿಸಿಲಿನಲ್ಲಿ ದಿನಕ್ಕೆ ಮುಕ್ಕಾಲು ಯೂನಿಟ್ ಕೊಟ್ಟೀತು. ಜುಲೈ ತಿಂಗಳ ಆಗುಂಬೆಯಲ್ಲಿ ಅದನ್ನು ನಂಬಿ ಕೂರಬೇಡಿ. ಅಲ್ಲಿ ಗಾಡಿ ಓಡುವಾಗ ಆಲ್ಟರ್ನೇಟರಿನಿಂದ (ಇಂಜಿನ್ ತಿರುಗಿಸುವ ಕರೆಂಟ್ ಯಂತ್ರ) ತುಂಬಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರೇ ಗತಿ. ಬರೀ ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಹಾಕಿ ಲಿಥಿಯಂ ಜೋಡಿಸಬೇಡಿ. ಆ ಬ್ಯಾಟರಿ ಕೊಟ್ಟಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಸುಡಬಹುದು.

ಇಂಡಕ್ಷನ್ ಒಲೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬ ಜಗಳ ಮುಗಿಯುವುದೇ ಇಲ್ಲ. ಒಂದು ಲೀಟರ್ ನೀರು ಕುದಿಸಲು ಬೇಕಾಗುವುದು 0.1 ಯೂನಿಟ್ ಅಷ್ಟೇ, ಹಾಗಾಗಿ ಬ್ಯಾಟರಿ ಖಾಲಿಯಾಗುವ ಭಯ ಸುಳ್ಳು. ತೊಂದರೆ ಇರುವುದು ಆಂಪಿಯರಿನಲ್ಲಿ. 2000 ವ್ಯಾಟ್ ಎಂದರೆ 12 ವೋಲ್ಟಿನ ಬದಿಯಲ್ಲಿ ಸುಮಾರು 180 ಆಂಪಿಯರ್. ಒಂದು ಲಗ್ (ಕೇಬಲ್ಲಿನ ತುದಿಗೆ ಹಾಕುವ ತಾಮ್ರದ ಬಳೆ) ಸರಿಯಾಗಿ ಕೂರದೆ ಅಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ತಡೆ ಬಂದರೂ ಆ ಜಾಗದಲ್ಲಿ 300 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಬೋಲ್ಟಿನ ತಲೆಯಷ್ಟು ಜಾಗದಲ್ಲಿ ಸಣ್ಣ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಬ್ಯಾಟರಿ ತುಂಬಿದ್ದರೂ ಒಲೆ ಹಚ್ಚಿದ ಕೂಡಲೇ ಇನ್ವರ್ಟರ್ 'ಲೋ ಬ್ಯಾಟರಿ' ಎಂದು ಕೂಗುತ್ತಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ಟರ್ಮಿನಲ್ ಬಿಚ್ಚಿ ನೋಡಿ. ಎಷ್ಟೋ ಗಾಡಿಗಳಲ್ಲಿ ಲಗ್ಗಿಗೂ ಟರ್ಮಿನಲ್ಲಿಗೂ ನಡುವೆ ಸ್ಟೀಲ್ ವಾಷರ್ ಸಿಕ್ಕಿಕೊಂಡಿರುತ್ತದೆ. ತಾಮ್ರದ ಲಗ್ ನೇರವಾಗಿ ಟರ್ಮಿನಲ್ಲಿನ ಮುಖಕ್ಕೆ ಕೂರಬೇಕು, ಅದರ ಮೇಲೆ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ಆಮೇಲೆ ನಟ್. ಕೇಬಲ್ 70 ಚದರ ಮಿಲಿಮೀಟರ್, ಉದ್ದ ಒಂದೂವರೆ ಮೀಟರ್ ಮೀರಬಾರದು, 250 ಆಂಪಿಯರ್ ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ಗೆ ಆದಷ್ಟು ಹತ್ತಿರ. ಇಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಒಲೆಯನ್ನು 1000 ವ್ಯಾಟಿನ ಮೇಲೆ ಏರಿಸಬೇಡಿ, ಅಥವಾ ಗ್ಯಾಸೇ ಇರಲಿ.

ಗ್ಯಾಸ್ ಎಂದಮೇಲೆ ಐದು ಕೆಜಿಯ ಸಿಲಿಂಡರು, ನೆಟ್ಟಗೆ ನಿಲ್ಲಿಸಿ ಬೆಲ್ಟ್ ಹಾಕಿದ್ದು. ಅದರ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನಂತೆ ಹರಡುತ್ತದೆ. ಆದ್ದರಿಂದ ಲೀಕ್ ಡಿಟೆಕ್ಟರ್ ನೆಲದಿಂದ ಒಂದು ಗೇಣಿನ ಮೇಲೆ ಇರಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪೈಪಿನಲ್ಲಿ ಬರುವ ಗ್ಯಾಸ್ ಗಾಳಿಗಿಂತ ಹಗುರ, ಅಲ್ಲಿ ಡಿಟೆಕ್ಟರನ್ನು ಚಾವಣಿ ಹತ್ತಿರ ಹಾಕುತ್ತಾರೆ. ಅದನ್ನೇ ನೋಡಿ ಗಾಡಿಯಲ್ಲೂ ಮೇಲೆ ಹೊಡೆದರೆ ಅದು ಕೂಗುವ ಹೊತ್ತಿಗೆ ಮಂಚದ ಮಟ್ಟದವರೆಗೆ ಗ್ಯಾಸ್ ತುಂಬಿರುತ್ತದೆ. ಕಾರ್ಬನ್ ಮೊನಾಕ್ಸೈಡಿನ ಡಿಟೆಕ್ಟರ್ ಬೇರೆಯೇ, ಅದು ಮಲಗಿದವರ ತಲೆಯ ಎತ್ತರಕ್ಕೆ, ಒಲೆಯಿಂದ ದೂರ.

ಗ್ಯಾಸ್ ಗೀಸರನ್ನು ಗಾಡಿಯೊಳಗೆ ಹಾಕಿಸಬೇಡಿ. ಕಿಟಕಿ ಇಲ್ಲದ ಬಚ್ಚಲುಮನೆಯಲ್ಲೇ ಅದು ಜೀವ ತೆಗೆದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಗಾಡಿಯ ಬಚ್ಚಲು ಅದಕ್ಕಿಂತ ಚಿಕ್ಕದು. ಎರಡು ಲೀಟರ್ ನೀರು ಕುದಿಸಿ ಎಂಟು ಲೀಟರ್ ತಣ್ಣೀರಿಗೆ ಬೆರೆಸಿದರೆ ಒಂದು ಬಕೆಟ್ 40 ಡಿಗ್ರಿಯ ನೀರು ಸಿದ್ಧ. ಒಬ್ಬರ ಸ್ನಾನಕ್ಕೆ ಧಾರಾಳ.

ನೀರಿನ ಪಂಪಿಗೆ ಆಮದು ಮಾಲು ಬೇಕಿಲ್ಲ. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನಲ್ಲಿ ಇರುವುದೂ 12 ವೋಲ್ಟಿನ ಡಯಾಫ್ರಾಮ್ ಪಂಪೇ, ನಿಮಿಷಕ್ಕೆ ಮೂರರಿಂದ ಐದು ಲೀಟರ್, ನಲ್ಲಿ ಮುಚ್ಚಿದರೆ ತಾನೇ ನಿಲ್ಲುವ ಪ್ರೆಶರ್ ಸ್ವಿಚ್ ಇರುವಂಥದ್ದೂ ಸಿಗುತ್ತದೆ. ಯಾವ ತಾಲೂಕು ಕೇಂದ್ರದ ಕೃಷಿ ಅಂಗಡಿಯಲ್ಲೂ ಬಿಡಿಭಾಗ ಸಿಗುತ್ತದೆ ಎಂಬುದೇ ಅದರ ದೊಡ್ಡ ಗುಣ. (ಹೊಸದನ್ನೇ ಕೊಳ್ಳಿ. ಔಷಧಿ ಹೊಡೆದ ಪಂಪನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬೇಡ.) ಪಂಪಿಗೆ ಮೊದಲು ಪಾರದರ್ಶಕ ಬಟ್ಟಲಿನ ಜಾಲರಿ ಫಿಲ್ಟರ್ ಹಾಕಿ. ಟ್ಯಾಂಕಿಗೆ ತೂತು ಕೊರೆದಾಗ ಒಳಗೆ ಬಿದ್ದ ಪ್ಲಾಸ್ಟಿಕ್ ಚೂರು ಪಂಪಿನ ವಾಲ್ವಿನಲ್ಲಿ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಲ್ಲ ನಲ್ಲಿ ಮುಚ್ಚಿದ್ದರೂ ರಾತ್ರಿ ಐದು ನಿಮಿಷಕ್ಕೊಮ್ಮೆ 'ಟುರ್' ಎಂದು ಒಂದು ಕ್ಷಣ ಓಡಿ ನಿಂತರೆ ಒಂದೋ ಇದು, ಇಲ್ಲವೇ ಎಲ್ಲೋ ಜಾಯಿಂಟು ಜಿನುಗುತ್ತಿದೆ. ಪಂಪಿನ ಎರಡೂ ಬದಿಗೆ ಅರ್ಧ ಮೀಟರ್ ಮೆತ್ತನೆಯ ಹೋಸ್ ಇರಲಿ. ಗಟ್ಟಿ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪನ್ನು ನೇರ ಜೋಡಿಸಿದರೆ ನಡುಕಕ್ಕೆ ಎಲ್ಬೋ ಬಿರಿಯುತ್ತದೆ.

ಹೋಂಸ್ಟೇಗಳಲ್ಲಿ ಕರೆಂಟ್ ಎಳೆದುಕೊಳ್ಳುವವರಿಗೆ ಮೂರು ಲೈಟಿನ ಸಾಕೆಟ್ ಟೆಸ್ಟರು ಬಲು ಅಗ್ಗದ ಉಪಕಾರ. ಫೇಸು-ನ್ಯೂಟ್ರಲ್ ಅದಲುಬದಲಾಗಿದ್ದರೆ, ಅರ್ಥ್ ಇಲ್ಲದಿದ್ದರೆ ತೋರಿಸುತ್ತದೆ. ಅರ್ಥ್ ಎಷ್ಟು ಗಟ್ಟಿ ಎಂಬುದನ್ನು ಮಾತ್ರ ಅದು ಹೇಳಲಾರದು, ಅದಕ್ಕಾಗಿ ಗಾಡಿಯೊಳಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಬೇಕು. ಅದರ ಜೊತೆಗೆ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್: ಕೆಳಗೆ 180, ಮೇಲೆ 260ಕ್ಕೆ ಇಟ್ಟು, ಮತ್ತೆ ಜೋಡಣೆಯಾಗಲು ಮೂರು ನಿಮಿಷ ತಡ ಕೊಡಿ. ಹಳ್ಳಿಯ ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಟ್ಟಾದರೆ ಸಿಂಗಲ್ ಫೇಸ್ ಮನೆಗೆ 400ರ ಹತ್ತಿರ ವೋಲ್ಟೇಜ್ ನುಗ್ಗಬಲ್ಲದು. ಚಾರ್ಜರು, ಫ್ರಿಜ್ಜು ಎಲ್ಲ ಒಂದೇ ಏಟಿಗೆ ಹೋಗುತ್ತವೆ. ರೀಲಿನ ಎಕ್ಸ್‌ಟೆನ್ಷನ್ ಬಳಸುವುದಾದರೆ ವೈರು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ ಹಾಗೇ ಇಟ್ಟು ಭಾರದ ಲೋಡ್ ಹಾಕಿದರೆ ಒಳಸುತ್ತು ಕರಗುತ್ತದೆ.

ಟೈರ್ ಪ್ರೆಶರ್ ಸೆನ್ಸರುಗಳು ಕೊಟ್ಟ ಕಾಸಿಗೆ ಮೋಸವಿಲ್ಲ. ಬೆಳಗ್ಗೆ 60 ಪಿಎಸ್‌ಐ ಇದ್ದ ಟೈರು ಬಿಸಿಯಾಗಿ 67 ತೋರಿಸಿದರೆ ಗಾಬರಿಯಾಗಿ ಗಾಳಿ ಬಿಡಬೇಡಿ, 25 ಡಿಗ್ರಿಯಿಂದ 55ಕ್ಕೆ ಹೋದರೆ ಏರಬೇಕಾದದ್ದೇ ಅಷ್ಟು. ನಾಲ್ಕರಲ್ಲಿ ಒಂದು ಮಾತ್ರ ಬಿಸಿಯಾಗುತ್ತಿದ್ದರೆ ನಿಲ್ಲಿಸಿ: ಗಾಳಿ ಕಡಿಮೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಸೆನ್ಸರ್ ಹಾಕುವ ಮೊದಲು ರಬ್ಬರ್ ವಾಲ್ವ್ ತೆಗೆಸಿ ಲೋಹದ್ದು ಹಾಕಿಸಿ, ಆ ಭಾರಕ್ಕೆ ರಬ್ಬರ್ ಬುಡದಲ್ಲಿ ಸೀಳುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯಾಟರಿ ಕಂಪ್ರೆಸರು ಕಾರಿನ 32ಕ್ಕೆ ಸರಿ, ಇಲ್ಲಿನ 60ಕ್ಕೆ ಏದುಸಿರು ಬಿಟ್ಟು ಕೂರುತ್ತದೆ. ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದು ತೆಗೆದುಕೊಳ್ಳಿ.

ಇನ್ನು ಅಟ್ಟದ ಸಾಮಾನು. ಶಬ್ದದಿಂದ ಸೊಳ್ಳೆ ಓಡಿಸುವ ಯಂತ್ರದಿಂದ ಪ್ರಯೋಜನವಿಲ್ಲವೆಂದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಸಂಸ್ಥೆಯ 2007ರ ಪರಿಶೀಲನೆಯಲ್ಲೇ ತೀರ್ಮಾನವಾಗಿದೆ. ಆ ದುಡ್ಡಿಗೆ ಕಿಟಕಿಗೆಲ್ಲ ಜಾಲರಿ ಬರುತ್ತದೆ. ನೀರು ಹಾಕುವ 'ಮಿನಿ ಎಸಿ' ಕಲಬುರಗಿಯ ಏಪ್ರಿಲಿನಲ್ಲಿ, 41 ಡಿಗ್ರಿ, 20 ಪರ್ಸೆಂಟ್ ತೇವಾಂಶ ಇರುವಾಗ, ಕಿಟಕಿ ತೆರೆದಿಟ್ಟರೆ ಮುಖಕ್ಕೆ ತಂಪು ಗಾಳಿ ಕೊಡುತ್ತದೆ. ಮಂಗಳೂರಿನಲ್ಲಿ ಅದು ಬೆವರಿಗೆ ಬೆವರು ಸೇರಿಸುವ ಯಂತ್ರ. ಕರೆಂಟಿಗೆಂದು ಮಾಡಿನ ಮೇಲೆ ಹಾಕುವ ಪುಟ್ಟ ಗಾಳಿಯಂತ್ರ ಸದ್ದು ಮಾಡುತ್ತದೆ, ಕರೆಂಟು ಮಾಡುವುದಿಲ್ಲ. ಮೋಟಾರಿನ ಆನಿಂಗ್ (ಗಾಡಿಯ ಪಕ್ಕಕ್ಕೆ ಚಾಚುವ ಬಟ್ಟೆಯ ಚಪ್ಪರ) ನೋಡಲು ಚೆಂದ, ಆದರೆ ಮಳೆನೀರು ಹೊಟ್ಟೆಯಲ್ಲಿ ನಿಂತರೆ ತೋಳು ಬಾಗುತ್ತದೆ. ಅಡಿಕೆ ಅಂಗಳಕ್ಕೆ ಹಾಸುವ ಟಾರ್ಪಾಲಿಗೆ ಎರಡು ಕಂಬ ಕೊಟ್ಟು, ಒಂದನ್ನು ಗೇಣುದ್ದ ಗಿಡ್ಡ ಮಾಡಿದರೆ ನೀರು ತಾನಾಗಿ ಇಳಿಯುತ್ತದೆ. ಗಾಡಿ ಮಟ್ಟ ಮಾಡುವ ಹಳದಿ ರ‍್ಯಾಂಪಿನ ಬದಲು ಎರಡಿಂಚಿನ ಮರದ ಹಲಗೆ ಸಾಕು, ಪಕ್ಕದ ಎರಡು ಡಿಗ್ರಿ ವಾಲನ್ನು ಅದೊಂದೇ ಸರಿಮಾಡುತ್ತದೆ.

ಕೆಳಗಿನ ಡಬ್ಬವನ್ನು ಹೊರತೆಗೆದು ಖಾಲಿ ಮಾಡುವ ಕ್ಯಾಸೆಟ್ ಟಾಯ್ಲೆಟ್ ಯುರೋಪಿನಲ್ಲಿ ಚೆನ್ನಾಗಿ ನಡೆಯುತ್ತದೆ, ಅಲ್ಲಿ ಪ್ರತಿ ಕ್ಯಾಂಪಿನಲ್ಲೂ ಖಾಲಿ ಮಾಡುವ ಜಾಗ ಇರುತ್ತದೆ. ಇಲ್ಲಿ 20 ಲೀಟರಿನ ಡಬ್ಬ ಹಿಡಿದು ಯಾರ ಮನೆ ಬಾಗಿಲಿಗೆ ಹೋಗುತ್ತೀರಿ? ಮೂತ್ರ ಬೇರೆ ಮಾಡುವ ಒಣ ಟಾಯ್ಲೆಟ್ಟಿಗೆ ತೆಂಗಿನ ನಾರಿನ ಪುಡಿ ಹಾಕಿ. ತಿಪಟೂರು, ಅರಸೀಕೆರೆ ಕಡೆ ಹೋದರೆ ಅದಕ್ಕೇನು ಬರ. 650 ಗ್ರಾಮಿನ ಒಂದು ಇಟ್ಟಿಗೆ ನೆನೆಸಿದರೆ ಎಂಟು ಲೀಟರಿನಷ್ಟು ಉಬ್ಬುತ್ತದೆ. ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟು ಒಣಗಿಸಿ ಹಾಕಿ. ವಾಸನೆ ಬಂದರೆ ಮೂತ್ರ ಪುಡಿಗೆ ಸೇರಿದೆ ಎಂದೇ ಅರ್ಥ.

ಕೊನೆಯದಕ್ಕೆ ದುಡ್ಡೇ ಬೇಡ: ಸ್ಟೀರಿಂಗಿನ ಎದುರು ಗಾಡಿಯ ಎತ್ತರ ಬರೆದ ಚೀಟಿ. ಪ್ಯಾನಲ್ಲು, ಫ್ಯಾನಿನ ಮುಚ್ಚಳ, ಕ್ಯಾರಿಯರ್ ಎಲ್ಲ ಸೇರಿ ಅಳೆದದ್ದು, ಮೀಟರಿನಲ್ಲಿ. ರೈಲ್ವೆ ಅಂಡರ್‌ಪಾಸಿನ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಬರೆದಿರುವುದೂ ಮೀಟರಿನಲ್ಲೇ. ಅದರ ಕೆಳಗೆ ಇನ್ನೊಂದು ಸಾಲು, ವೇಬ್ರಿಡ್ಜಿನಲ್ಲಿ ತೂಗಿಸಿದ ತೂಕ. ಟ್ಯಾಂಕಿನಲ್ಲಿ ನೂರು ಲೀಟರ್ ನೀರಿದ್ದರೆ ನೂರು ಕೆಜಿ, ಹಾಗಾಗಿ ನೀರು, ಡೀಸೆಲ್, ಜನ ಎಲ್ಲ ತುಂಬಿದ ಮೇಲೇ ತೂಗಿಸಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಆಮೇಲೆ ಇಡೀ ಗಾಡಿಗೆ ಇನ್ನೊಂದು. ಎರಡನೆಯದನ್ನು ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದ ಪಕ್ಕ ಇಟ್ಟು ನೋಡಿ. ಮೀರಿದ್ದರೆ ಮೊದಲು ಇಳಿಯಬೇಕಾದದ್ದು ಮಡಚುವ ವಾಷಿಂಗ್ ಮಷೀನು.