ಕೊಲೊನೋಸ್ಕೋಪಿಗೆ ಬೇಧಿ ಔಷಧಿ: ಪುಡಿನಾ, ಸಣ್ಣ ಬಾಟ್ಲಿನಾ?

ನಮ್ಮ ಹಾಸನದ ಕಡೆ ಬೇಧಿಗೆ ಅಂದ್ರೆ ಈಗ್ಲೂ ಹರಳೆಣ್ಣೆ ಅಂತಾರೆ, ಆದ್ರೆ ಕೊಲೊನೋಸ್ಕೋಪಿಗೆ (ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳು ನೋಡೋ ಪರೀಕ್ಷೆ) ಕರುಳು ಪೂರ್ತಿ ತೊಳೆದಂಗೆ ಆಗ್ಬೇಕು. ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಅನ್ನೋ ಬೇಧಿ ಪುಡಿ 2 ಲೀಟರ್ ನೀರಲ್ಲಿ ಕಲಸಿ ಕುಡಿಯೋದು, ಉಪ್ಪುಪ್ಪು, ಅರ್ಧಕ್ಕೇ ವಾಕರಿಕೆ ಬರುತ್ತೆ, ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡಿದ್ರೆ ಹೆಂಗೋ ಗಂಟಲಲ್ಲಿ ಇಳಿಯುತ್ತೆ. ಸೋಡಿಯಂ ಫಾಸ್ಫೇಟ್ ಸಣ್ಣ ಬಾಟ್ಲಿ, ಸುಲಭ ನಿಜ, ಆದ್ರೆ ಕಿಡ್ನಿಗೆ ಏಟು ಬೀಳಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಸಿತ್ತು. ಅಪ್ಪಂಗೆ ಬಿಪಿ, ಶುಗರ್ ಎರಡೂ ಇದೆ, ಹಂಗಾಗಿ ಡಾಕ್ಟ್ರು ಪುಡಿನೇ ಬರೆದ್ರು. ಬರೀ ಡಲ್ಕೋಲ್ಯಾಕ್ಸ್ ಮಾತ್ರೆ ಸಾಕಲ್ವಾ ಅಂದ್ರು ಮಾವ, ಸಾಲಲ್ಲ, ಅದು ಪುಡಿ ಜೊತೆಗೆ ಕೊಡೋದು ಅಷ್ಟೆ.

ಅರ್ಧ ಹಿಂದಿನ ಸಂಜೆ, ಇನ್ನರ್ಧ ಬೆಳಗಿನ ಜಾವ ಕುಡಿದ್ರೇನೇ ಚೆನ್ನಾಗಿ ಕ್ಲೀನ್ ಆಗೋದು. ಹಿಂದಿನ ದಿನ ಮುದ್ದೆ, ಸೊಪ್ಪಿನ ಸಾರು ಬಂದ್. ಕಾಫಿಗೆ ಅಡ್ಡಿ ಇಲ್ಲ, ಹಾಲು ಹಾಕಂಗಿಲ್ಲ (ಅಪ್ಪಂಗೆ ಬೇಧಿಗಿಂತ ಇದೇ ದೊಡ್ಡ ಶಿಕ್ಷೆ). ಕೊನೆಗೆ ತಿಳಿ ಹಳದಿ ನೀರು ಬರ್ಬೇಕು, ಇನ್ನೂ ಗಸಿ ಬರ್ತಿದ್ರೆ ಹೊರಡೋಕ್ ಮುಂಚೆನೇ ಆಸ್ಪತ್ರೆಗೆ ಫೋನ್ ಮಾಡಿ ಹೇಳ್ಬಿಡಿ.