ಹುಣ್ಣಿಮೆ ದಿನದ ಅರ್ಧಚಂದ್ರ

ಇವತ್ತು ಚುಸೊಕ್. ಕೊರಿಯಾದ ದೊಡ್ಡ ಹಬ್ಬ. ಶಾಲೆಗೆ ರಜೆ, ಸಿಯೋಲ್‌ನಿಂದ ಜನ ಊರೂರಿಗೆ ಹೊರಟಿದ್ದಾರೆ.

ಊರಿಗೆ ಹೋಗಲಾಗದ ನಾವು ಐದು ಜನ ಟೀಚರ್‌ಗಳು. ಜೊತೆಗೆ ಪಾಠ ಮಾಡುವ ಗೆಳತಿ ತನ್ನ ಮನೆಗೇ ಕರೆದಳು.

ನೆಲದ ಮೇಲೆ ಸುತ್ತ ಕೂತು ಸೊಂಗ್‌ಪ್ಯೊನ್ ಅನ್ನೋ ಹಬ್ಬದ ತಿಂಡಿ ಮಾಡಿದ್ವಿ. ಬಿಸಿನೀರಲ್ಲಿ ನಾದಿದ ಅಕ್ಕಿಹಿಟ್ಟು. ಚಿಕ್ಕ ಉಂಡೆ ಮಾಡಿ, ಹೆಬ್ಬೆರಳಲ್ಲಿ ಗುಳಿ ತೆಗೆದು, ಎಳ್ಳು ಸಕ್ಕರೆ ತುಂಬಿ, ಅರ್ಧಚಂದ್ರದ ಹಾಗೆ ಅಂಚು ಒತ್ತಬೇಕು. ನನ್ನದು ಮೂರು ಸಲ ಬಿರುಕು ಬಿಡ್ತು.

ಪಕ್ಕದಲ್ಲಿದ್ದ ಗೆಳತಿಯ ಅಜ್ಜಿ ಏನೂ ಹೇಳಲಿಲ್ಲ. ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಹಿಟ್ಟು ಮೆತ್ತಿದ, ಸುಕ್ಕುಗಟ್ಟಿದ, ಬೆಚ್ಚಗಿನ ಬೆರಳು.

ಕ್ಲಾಸಲ್ಲಿ ದಿನಾ ನಾನು ಮಾಡೋದೂ ಇದನ್ನೇ. ಪೆನ್ಸಿಲ್ ಹಿಡಿದ ಪುಟ್ಟ ಕೈ ಮೇಲೆ ಕೈಯಿಟ್ಟು ಅಕ್ಷರ ತಿದ್ದಿಸೋದು. ಆ ಕೈ ಕೆಳಗೆ ಕೂತವರಿಗೆ ಹೇಗನ್ನಿಸುತ್ತೆ ಅಂತ ಎಷ್ಟೋ ವರ್ಷದ ಮೇಲೆ ಇವತ್ತು ನೆನಪಾಯ್ತು. ಗಂಟಲು ಕಟ್ಟಿತು.

ಹಬೆಯ ಪಾತ್ರೆಯಲ್ಲಿ ಪೈನ್ ಎಲೆ ಹಾಸಿ ಬೇಯಿಸ್ತಾರೆ. ಮುಚ್ಚಳ ತೆಗೆದಾಗ ಮನೆಯೊಳಗೆ ಕಾಡಿನ ಘಮ.

ಎಂಟನೇ ಚಾಂದ್ರಮಾಸದ 15ನೇ ದಿನ, ಹೊರಗೆ ಪೂರ್ಣಚಂದ್ರ. ಮತ್ತೆ ತಿಂಡಿ ಯಾಕೆ ಅರ್ಧಚಂದ್ರ ಅಂತ ಕೇಳಿದೆ. ಅರ್ಧ ಇದ್ದರೆ ತಾನೇ ತುಂಬೋದು ಅಂದಳು ಗೆಳತಿ.

ತಟ್ಟೆ ಬಂತು. ಚೆಂದದವು ಎಷ್ಟೋ ಇದ್ದವು. ಅಜ್ಜಿ ಹುಡುಕಿ ಎತ್ತಿಕೊಂಡಿದ್ದು ಮಾತ್ರ ನನ್ನ ಬೆರಳಚ್ಚು ಮೂಡಿದ್ದ ಸೊಟ್ಟದನ್ನ.