ತತ್ತ್ವಶಾಸ್ತ್ರ ಓದಿಲ್ಲ, ಚರ್ಚೆಗೆ ಸೇರಬಹುದಾ?

"ನಾನು ಓದಿದ್ದು ಬಿ.ಕಾಂ. ಶಂಕರರನ್ನೂ ಓದಿಲ್ಲ, ಕಾಂಟ್‌ನನ್ನೂ ಓದಿಲ್ಲ. ಆನ್‌ಲೈನ್‌ನಲ್ಲಿ ತತ್ತ್ವಶಾಸ್ತ್ರ ಚರ್ಚಿಸುವ ಗುಂಪಿಗೆ ಸೇರಿದರೆ ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂತಿರಬೇಕಾ?" ಮಾತು ಬೇರೆ ಬೇರೆ ಇರಬಹುದು, ಹೊಸಬರೆಲ್ಲ ಕೇಳುವುದು ಇದನ್ನೇ.

ಧೈರ್ಯವಾಗಿ ಸೇರಿ. ಓದಿಕೊಂಡು ಬರಬೇಕಾದ್ದು ಮೂರು ಪುಟ. ರೂಢಿ ಮಾಡಿಕೊಳ್ಳಬೇಕಾದ್ದು ಒಂದೇ ಒಂದು: ಎದುರಿನವರ ಮಾತನ್ನು, ಅವರೇ "ಹೌದು, ನಾನು ಹೇಳಿದ್ದು ಅದನ್ನೇ" ಅನ್ನುವ ಹಾಗೆ ತಿರುಗಿ ಹೇಳಿ, ಆಮೇಲೆ ನಿಮ್ಮ ಆಕ್ಷೇಪ ಎತ್ತುವುದು. ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮೊದಲು ಮಂಡಿಸಿ ಆಮೇಲೆ ಸಿದ್ಧಾಂತಕ್ಕೆ ಬರುವ ಪದ್ಧತಿ ಇದೆಯಲ್ಲ, ಅದರ ಮನೆಮಾತಿನ ರೂಪ ಇದು. ಕಪಾಟಿನ ತುಂಬ ಪುಸ್ತಕ ಓದಿ ಈ ರೂಢಿ ಇಲ್ಲದವರಿಗಿಂತ, ಏನೂ ಓದದೆ ಇದೊಂದನ್ನು ತರುವವರು ಗುಂಪಿಗೆ ಹೆಚ್ಚು ಬೇಕಾದವರು.

ಮೂರು ಪುಟ ಅಂದರೆ ಎಂಥದ್ದು? ಮೊದಲ ಸಲಕ್ಕೆ ತುಂಬ ಹೊಂದುವ ಒಂದು ಜೋಡಿ ಇದೆ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಕೌಶಿಕನದು ಸತ್ಯವನ್ನೇ ನುಡಿಯುವ ವ್ರತ. ದರೋಡೆಕೋರರಿಗೆ ಹೆದರಿದ ಕೆಲವರು ಅವನಿದ್ದ ಕಡೆಯ ಕಾಡಿಗೆ ಬಂದು ಅಡಗುತ್ತಾರೆ. ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾನೆ. ಅಡಗಿದವರು ಕೊಲೆಯಾಗುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ಇದರ ಪಕ್ಕದಲ್ಲಿ ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಬರೆದ ಒಂದು ಪುಟ್ಟ ಪ್ರಬಂಧದ ಭಾಗ ಇಡಿ. ಕೊಲೆಗಾರನೇ ಬಂದು "ನಿನ್ನ ಗೆಳೆಯ ಒಳಗಿದ್ದಾನಾ" ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಿನಗಿಲ್ಲ ಅನ್ನುತ್ತಾನೆ ಕಾಂಟ್. ಸಂದರ್ಭ ಹೆಚ್ಚುಕಡಿಮೆ ಒಂದೇ, ತೀರ್ಪು ಎದುರುಬದುರು.

ಇವನ್ನು ಮೂರು ಸಲ ಓದಿ. ಮೊದಲ ಸಲ ಎಲ್ಲೂ ನಿಲ್ಲದೆ. ಎರಡನೇ ಸಲ ಪೆನ್ಸಿಲ್ ಹಿಡಿದು "ಏಕೆಂದರೆ", "ಆದ್ದರಿಂದ", "ಆದರೆ" ಎಂದು ಬಂದ ಕಡೆಯೆಲ್ಲ ಗೆರೆ ಎಳೆಯಿರಿ. ವಾದದ ಕೀಲುಗಳು ಇರುವುದು ಅಲ್ಲೇ. ಮೂರನೇ ಸಲ ಓದಿ ಹಾಳೆ ಮಗುಚಿಟ್ಟು, ಇಬ್ಬರ ಕಾರಣವನ್ನೂ ಒಂದೊಂದು ವಾಕ್ಯದಲ್ಲಿ ಬರೆಯಿರಿ. ಕಾಂಟ್‌ನದು ಹೀಗೆ ಬರಬಹುದು: ಒಂದು ಸುಳ್ಳು ಒಬ್ಬ ಗೆಳೆಯನನ್ನು ಉಳಿಸಿದರೂ, ಮಾತಿನ ಮೇಲೆ ಜನ ಇಡುವ ನಂಬಿಕೆಯನ್ನೇ ಸಡಿಲಿಸುತ್ತದೆ. ಕೃಷ್ಣನದು: ಧರ್ಮ ಅನ್ನುವುದು ಜೀವಿಗಳನ್ನು ಎತ್ತಿ ಹಿಡಿಯುವಂಥದ್ದು, ಕೌಶಿಕನ ಸತ್ಯ ಆ ಕೆಲಸ ಮಾಡಲಿಲ್ಲ. ಇಷ್ಟಕ್ಕೆ ಮುಕ್ಕಾಲು ಗಂಟೆ ಸಾಕು.

ಆಮೇಲೆ ಒಂದು ಪ್ರಶ್ನೆ ಬರೆದುಕೊಳ್ಳಿ, ಒಂದೇ. "ಸುಳ್ಳು ಹೇಳುವುದು ತಪ್ಪೇ?" ಎಂದು ತಂದರೆ ಹತ್ತು ನಿಮಿಷದಲ್ಲಿ "ಸಂದರ್ಭ ನೋಡಬೇಕು" ಎಂದು ಎಲ್ಲರೂ ತಲೆಯಾಡಿಸಿ ಮಾತು ಮುಗಿಯುತ್ತದೆ. ಪ್ರಶ್ನೆಯೊಳಗೆ ಒಂದು ಮನೆ, ಇಬ್ಬರು ಮನುಷ್ಯರು ಇರಲಿ. ಅಜ್ಜಿಗೆ ಕ್ಯಾನ್ಸರ್ ಎಂದು ಮನೆಯವರಿಗೆಲ್ಲ ಗೊತ್ತು, ಅಜ್ಜಿಗೆ ಮಾತ್ರ ಗ್ಯಾಸ್ಟ್ರಿಕ್ ಎಂದು ಹೇಳಿದ್ದಾರೆ. ಕೌಶಿಕ ಮಾಡಬೇಕಿದ್ದ ಕೆಲಸವನ್ನೇ ಇವರು ಮಾಡಿದರೋ, ಅಥವಾ ಇದು ಬೇರೆಯೋ? 1922ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲಿಯೊನಾರ್ಡ್ ನೆಲ್ಸನ್ ಎಂಬ ಅಧ್ಯಾಪಕ ಪ್ರಶ್ನೆ ಕೇಳುತ್ತಲೇ ಯೋಚಿಸುವಂತೆ ಮಾಡುವ ಸಾಕ್ರೆಟಿಸ್‌ನ ವಿಧಾನದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಅದರ ಹಿಂದೆಯೇ ಬೆಳೆದ ಚರ್ಚಾಪದ್ಧತಿ ಇವತ್ತಿಗೂ ಹಿಡಿದುಕೊಂಡಿರುವ ಮೊದಲ ನಿಯಮ ಇದು: ಒಂದು ನಿಜವಾದ ಪ್ರಸಂಗದಿಂದ ಶುರುಮಾಡು.

ಇನ್ನು ಮಾತು ಹೇಗೆ ನಡೆಯುತ್ತದೆ ನೋಡಿ. ಒಬ್ಬರು ಹೇಳುತ್ತಾರೆ: "ಹೇಳದೇ ಇರೋದೇ ಸರಿ. ಗೊತ್ತಾದರೆ ಅಜ್ಜಿ ಕುಗ್ಗಿಹೋಗ್ತಾರೆ." ಇದಕ್ಕೆ "ಅದು ಹಳೇ ಕಾಲದ ಯೋಚನೆ ಸರ್" ಎಂದರೆ ಅಲ್ಲಿಗೆ ಜಗಳ. ಅದರ ಬದಲು ಇನ್ನೊಬ್ಬರು, "ಸರ್, ನೀವು ಹೇಳ್ತಿರೋದು ನಿಜಕ್ಕಿಂತ ಅವರ ನೆಮ್ಮದಿ ದೊಡ್ಡದು ಅಂತ ಅಲ್ವಾ?" ಎಂದು ಕೇಳುತ್ತಾರೆ. "ನೆಮ್ಮದಿ ಅಲ್ಲ ಮೇಡಂ, ಊಟ ಬಿಟ್ಟುಬಿಡ್ತಾರೆ ಅಂತ." ಈಗ ಏನಾಯಿತು ಗಮನಿಸಿ. ಮೊದಲು ತತ್ತ್ವದ ಹಾಗೆ ಕೇಳಿಸಿದ್ದು ಈಗ ಒಂದು ಅಂದಾಜಾಗಿ ನಿಂತಿದೆ. "ಹಾಗಾದರೆ ಊಟ ಬಿಡಲ್ಲ ಅಂತ ಖಾತ್ರಿ ಇದ್ದರೆ ಹೇಳಬಹುದಾ?" ಎಂಬ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಅಷ್ಟರಲ್ಲಿ ಅಲ್ಲಿಯವರೆಗೆ ಸುಮ್ಮನಿದ್ದ ಮೂರನೆಯವರು, "ದರೋಡೆಕೋರರಿಗೆ ಆ ನಿಜ ತಿಳಿಯೋ ಹಕ್ಕೇ ಇರಲಿಲ್ಲ. ಅಜ್ಜಿಗೆ ಇದೆ. ಕಾಯಿಲೆ ಇರೋದು ಅವರ ಮೈಯಲ್ಲಿ ಅಲ್ವಾ?" ಅನ್ನುತ್ತಾರೆ.

ಈ ಮೂರನೆಯವರು ಏನೂ ಓದದವರೇ ಇರಬಹುದು. ಆದರೆ ಅವರು ಹಿಡಿದದ್ದು ಫ್ರಾನ್ಸಿನ ಲೇಖಕ ಬೆಂಜಮಿನ್ ಕಾನ್‌ಸ್ಟಂಟ್ ಎತ್ತಿದ ವಾದವನ್ನೇ: ನಿಜ ತಿಳಿಯುವ ಹಕ್ಕು ಇರುವವರಿಗೆ ಮಾತ್ರ ನಿಜ ಹೇಳುವ ಕರ್ತವ್ಯ ಇರುತ್ತದೆ. ಕಾಂಟ್ ಆ ಪ್ರಬಂಧ ಬರೆದದ್ದು ಅವನಿಗೆ ಉತ್ತರವಾಗಿಯೇ. ಇದನ್ನು ತಿಳಿದವರು ಗುಂಪಿನಲ್ಲಿದ್ದರೆ ಆಗ ಹೇಳಲಿ, ಮೊದಲೇ ಹೇಳಿಬಿಟ್ಟರೆ ಆ ಮಾತು ಯಾರ ಬಾಯಲ್ಲೂ ಹುಟ್ಟುವುದಿಲ್ಲ.

ಗುಂಪು ಆರಿಸುವಾಗ ಮೊದಲು ತಲೆ ಎಣಿಸಿ. ತೊಂಬತ್ತು ನಿಮಿಷದ ಕರೆಯಲ್ಲಿ ಓದಿಗೆ ಹತ್ತು, ಕೊನೆಯ ಸುತ್ತಿಗೆ ಹತ್ತು ಕಳೆದರೆ ಎಪ್ಪತ್ತು ನಿಮಿಷ. ಎಂಟು ಜನ ಇದ್ದರೆ ಒಬ್ಬೊಬ್ಬರಿಗೆ ಸುಮಾರು ಒಂಬತ್ತು ನಿಮಿಷ, ಇಪ್ಪತ್ತು ಜನ ಇದ್ದರೆ ಮೂರೂವರೆ. ಹನ್ನೆರಡು ಜನ ದಾಟಿದ ಕರೆಯನ್ನು ಎರಡಾಗಿ ಒಡೆಯದ ಗುಂಪಿನಲ್ಲಿ ಮೂವರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಎರಡನೆಯದಾಗಿ, ನಡೆಸುವವರು ತಮ್ಮ ಅಭಿಪ್ರಾಯ ಹೇಳುತ್ತಾರೋ ಇಲ್ಲವೋ ನೋಡಿ. ನಡೆಸುವವರ ಕೆಲಸ ಸರದಿ ಕಾಯುವುದು, ಇನ್ನೂ ಬಾಯಿ ಬಿಡದವರನ್ನು ಮೊದಲು ಕರೆಯುವುದು, "ಈಗ ಇಬ್ಬರೂ ಬೇರೆ ಬೇರೆ ವಿಷಯ ಮಾತಾಡ್ತಿದ್ದೀರಿ" ಎಂದು ತೋರಿಸುವುದು. ಪ್ರಶ್ನೆ ಕೇಳಿದ ಮೇಲೆ ಎಂಟು ಹತ್ತು ಸೆಕೆಂಡ್ ಸುಮ್ಮನಿರಲು ಅವರಿಗೆ ಬರಬೇಕು. ವಿಡಿಯೊ ಕರೆಯಲ್ಲಿ ಮೈಕ್ ತೆರೆಯುವುದಕ್ಕೇ ಎರಡು ಮೂರು ಸೆಕೆಂಡ್ ಹೋಗುತ್ತದೆ. ಆ ಮೌನಕ್ಕೆ ಹೆದರಿ ತಾವೇ ಉತ್ತರ ಹೇಳಿಬಿಡುವವರಿಂದ ನಾಚಿಕೆಯ ಸ್ವಭಾವದವರಿಗೆ ಬಾಗಿಲು ಮುಚ್ಚಿಹೋಗುತ್ತದೆ.

ಕೆಡುವುದು ಎಲ್ಲಿ? ಹೆಚ್ಚಾಗಿ ಪದಗಳಲ್ಲಿ. ತರ್ಕದ ಹಳೆಯ ಗ್ರಂಥವಾದ ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ, ಎದುರಿನವರ ಮಾತಿಗೆ ಬೇರೆ ಅರ್ಥ ಹಚ್ಚುವ ವಾಕ್‌ಛಲಕ್ಕೆ ಒಂದು ಉದಾಹರಣೆ ಇದೆ. "ಈ ಹುಡುಗ ನವಕಂಬಲ" ಎಂದು ಒಬ್ಬ ಹೇಳುತ್ತಾನೆ, ಅಂದರೆ ಹೊಸ ಕಂಬಳಿಯವನು. ಎದುರಾಳಿ "ಎಲ್ಲಿ ಒಂಬತ್ತು? ಇರುವುದು ಒಂದೇ" ಅನ್ನುತ್ತಾನೆ. "ನವ" ಅಂದರೆ ಒಂಬತ್ತೂ ಆಗುತ್ತದಲ್ಲ, ಅವನದು ಬೇಕೆಂದೇ ಹೂಡಿದ ಮೋಸ. ಕನ್ನಡದ ಚರ್ಚೆಯಲ್ಲಿ ಇದು ಯಾರಿಗೂ ಗೊತ್ತಾಗದೆ ನಡೆದುಹೋಗುತ್ತದೆ. "ಧರ್ಮ" ಅಂದಾಗ ಒಬ್ಬರ ಮನಸ್ಸಿನಲ್ಲಿ ಹಿಂದೂ, ಜೈನ, ಕ್ರೈಸ್ತ ಎಂಬ ಮತ, ಇನ್ನೊಬ್ಬರದರಲ್ಲಿ ಕರ್ತವ್ಯ, ಮತ್ತೊಬ್ಬರಿಗೆ ಭಿಕ್ಷುಕನಿಗೆ ಮಾಡುವ ಧರ್ಮ. "ಧರ್ಮಕ್ಕೆ ಸಿಕ್ಕಿತು" ಎಂದರೆ ಪುಕ್ಕಟೆ ಎಂದೇ ಅರ್ಥ! "ಮನಸ್ಸು" ಇನ್ನೂ ಜಾರುವ ಪದ. ಮನಸ್ಸು ಮಾಡು ಅಂದರೆ ನಿರ್ಧರಿಸು, ಮನಸ್ಸಾಯಿತು ಅಂದರೆ ಆಸೆಯಾಯಿತು, ಮನಸ್ಸಿಗೆ ಬಂತು ಅಂದರೆ ನೆನಪಾಯಿತು ಅಥವಾ ಒಪ್ಪಿಗೆಯಾಯಿತು. ಇಂಥ ಪದ ಬಂದ ತಕ್ಷಣ "ಇವತ್ತಿನ ಮಟ್ಟಿಗೆ ಯಾವ ಅರ್ಥ?" ಎಂದು ಕೇಳಿ, ಎಲ್ಲರಿಗೂ ಕಾಣುವ ಹಾಗೆ ತೆರೆಯ ಮೇಲೆ ಬರೆದಿಡಿ. ಇಂಗ್ಲಿಷ್ ಪದ ಬಳಸಿದರೆ ತೊಂದರೆ ತಪ್ಪುತ್ತದೆ ಅನ್ನುವವರಿದ್ದಾರೆ. ತಪ್ಪುವುದಿಲ್ಲ, ಅಡಗಿಕೊಳ್ಳುತ್ತದೆ ಅಷ್ಟೆ.

ಇನ್ನೊಂದು ತೊಡಕು ದೊಡ್ಡವರ ಹೆಸರು. "ಶಂಕರರೇ ಹೇಳಿದ್ದಾರೆ" ಎಂದ ಕೂಡಲೇ ಎದುರಿನವರಿಗೆ ಉಳಿಯುವುದು ಶರಣಾಗತಿ ಅಥವಾ ಅಗೌರವ. ಹೆಸರು ಹೇಳಿ, ಹಿಂದೆಯೇ ಅವರ ಕಾರಣವನ್ನೂ ನಿಮ್ಮ ಮಾತಿನಲ್ಲಿ ಹೇಳಿ. ಅಭಿಮಾನದಿಂದ ಅಲ್ಲಮನ ಬೆಡಗಿನ ವಚನವನ್ನೇ ಮೊದಲ ದಿನ ಆರಿಸುವುದೂ ಉಂಟು. ಒಗಟು ಬಿಡಿಸುವುದರಲ್ಲೇ ಗಂಟೆ ಕಳೆಯುತ್ತದೆ, ವಾದಕ್ಕೆ ಹೊತ್ತೇ ಉಳಿಯುವುದಿಲ್ಲ. ನಾಲ್ಕೈದು ತಿಂಗಳು ಜೊತೆಗೆ ಕೂತ ಗುಂಪಿಗೆ ಅದು ಹಬ್ಬದೂಟ. "ಅದೆಲ್ಲ ಅವರವರ ದೃಷ್ಟಿ ಬಿಡಿ" ಎಂಬ ಮಾತು ಸೌಜನ್ಯದಿಂದಲೇ ಬರುತ್ತದೆ, ಆದರೂ ಅದನ್ನು ಒಪ್ಪಬೇಡಿ, ಅಜ್ಜಿಗೆ ಹೇಳಬೇಕೋ ಬೇಡವೋ ಅನ್ನುವುದು ಅಲ್ಲಿಗೆ ತೀರುವುದಿಲ್ಲ. ಚರ್ಚೆಗೆಂದೇ ಮಾಡಿದ ವಾಟ್ಸ್ಯಾಪ್‌ನಲ್ಲಿ ದಿನಾಂಕ, ಪಠ್ಯ, ಕೊಂಡಿ ಬಿಟ್ಟು ಬೇರೇನೂ ಹಾಕದ ಹಾಗೆ ನೋಡಿಕೊಳ್ಳಿ.

ಸ್ನೇಹದಿಂದ ಇರಬೇಕು ಅನ್ನುವುದು ಮೇಲುಪಚಾರವಲ್ಲ. ನ್ಯಾಯಸೂತ್ರ ಮಾತಿನ ಕಾಳಗವನ್ನು ಮೂರಾಗಿ ವಿಂಗಡಿಸುತ್ತದೆ: ನಿಜ ಹುಡುಕುವ ವಾದ, ಗೆಲ್ಲಲೆಂದೇ ಹೂಡುವ ಜಲ್ಪ, ತನ್ನದೇನನ್ನೂ ಮಂಡಿಸದೆ ಬರೀ ಕೆಡವುವ ವಿತಂಡ. ವಾದವನ್ನು ಯಾರೊಡನೆ ಮಾಡಬೇಕು ಎಂಬುದಕ್ಕೂ ಪಟ್ಟಿ ಇದೆ: ಗುರು, ಶಿಷ್ಯ, ಸಹಪಾಠಿ, ಶ್ರೇಯಸ್ಸು ಬಯಸುವವರು. ಜೊತೆಗೆ ಒಂದು ಷರತ್ತು, ಅವರಿಗೆ ಅಸೂಯೆ ಇರಬಾರದು. ತಪ್ಪಾಯಿತು ಎಂದು ಒಪ್ಪಿಕೊಂಡವರನ್ನು ಹಂಗಿಸುವ ಕಡೆ ಯಾರೂ ಎರಡನೇ ಸಲ ಒಪ್ಪಿಕೊಳ್ಳುವುದಿಲ್ಲ, ಆಮೇಲೆ ಅಲ್ಲಿ ಉಳಿಯುವುದು ಜಲ್ಪವೇ.

ಊರು ಬಿಟ್ಟವರೂ ಸೇರುವ ಗುಂಪಾದರೆ ಸಮಯ ನೋಡಿಕೊಳ್ಳಿ. ಭಾನುವಾರ ರಾತ್ರಿ 8ಕ್ಕೆ ಇಲ್ಲಿ ಶುರುವಾದರೆ ದುಬೈನಲ್ಲಿ ಸಂಜೆ 6.30, ಲಂಡನ್‌ನಲ್ಲಿ ಬೇಸಿಗೆಯಲ್ಲಿ 3.30, ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 7.30. ಚಳಿಗಾಲದಲ್ಲಿ ಲಂಡನ್ ಮತ್ತು ಕ್ಯಾಲಿಫೋರ್ನಿಯಾದವರಿಗೆ ಒಂದು ಗಂಟೆ ಹಿಂದೆ ಸರಿಯುತ್ತದೆ. ಅಮೆರಿಕ, ಬ್ರಿಟನ್ ಒಂದೇ ವಾರ ಗಡಿಯಾರ ಬದಲಿಸುವುದಿಲ್ಲ, ಹಾಗಾಗಿ ಮಾರ್ಚ್, ನವೆಂಬರ್ ಸುಮಾರಿಗೆ ಕರೆ ತಪ್ಪಿಸಿಕೊಳ್ಳುವವರು ಹೆಚ್ಚು. ಸಿಡ್ನಿಯವರಿಗೆ ಅದು ನಡುರಾತ್ರಿ, ಅವರಿಗೆ ಬೇರೆ ಹೊತ್ತೇ ಹುಡುಕಬೇಕು.

ಮೊದಲ ದಿನ ಮಾತಾಡಲು ಅಂಜಿಕೆಯಾದರೆ ಇಷ್ಟು ಮಾಡಿ. ಯಾರಾದರೂ ಹೇಳಿದ್ದು ಅರ್ಧ ಅರ್ಥವಾದಾಗ ಕೈ ಎತ್ತಿ, "ನೀವು ಹೇಳಿದ್ದು ಹೀಗಾ?" ಎಂದು ಕೇಳಿ ಸುಮ್ಮನಾಗಿ. ಅವರು ಉತ್ತರಿಸುವಾಗ ಬಹಳ ಸಲ "ಇಲ್ಲ, ಹಾಗಲ್ಲ" ಎಂದೇ ಶುರುಮಾಡುತ್ತಾರೆ. ಅಲ್ಲಿಂದ ಮುಂದೆ ಅವರು ಹೇಳುವುದನ್ನು ಬರೆದುಕೊಳ್ಳಿ.